ನೂತನ ಜಂಗಮವಾಣಿ ಖಂಡನೆ

ಹೊಸ ಸ್ಮಾರ್ಟ್‌ಫೋನ್ ಕೊಂಡವರು ಅದರ ಮೊದಲ ಅನುಭವವನ್ನು ವರ್ಣಿಸುವ ಪದ್ಧತಿ ಈಗ ಎಲ್ಲೆಡೆ ಬೆಳೆದು ನಿಂತಿದೆ. ಕೈಗೆ ಹಗುರ, ಪರದೆ ಝಗಮಗ, ಕ್ಯಾಮೆರಾ ಅದ್ಭುತ, ಬ್ಯಾಟರಿ ಪರವಾಗಿಲ್ಲ ಎಂದು ಅವರು ಹೇಳುವುದನ್ನು ಲೋಕ ನಂಬುತ್ತದೆ. ಲೋಕ ನಂಬುವುದನ್ನೆಲ್ಲ ಶಾಸ್ತ್ರ ನಂಬಬೇಕಾಗಿಲ್ಲ. ಈ ಪ್ರಬಂಧ ಸಾಧಿಸಹೊರಟಿರುವುದು ಇಷ್ಟು: ಹೊಸ ಫೋನಿನ ಮೊದಲ ಅನುಭವ ಇದುವರೆಗೆ ಯಾರಿಗೂ ಆಗಿಲ್ಲ, ಆಗುವಂತೆಯೂ ಇಲ್ಲ. ಫೋನು ಹೊಸದಾಗಿರುವಷ್ಟು ಹೊತ್ತು ಅನುಭವಕ್ಕೆ ಸಿಗುವುದಿಲ್ಲ; ಅನುಭವಕ್ಕೆ ಸಿಕ್ಕ ಹೊತ್ತಿಗೆ ಹೊಸದಾಗಿ ಉಳಿದಿರುವುದಿಲ್ಲ. ಇದಕ್ಕೆ ಆಧಾರ ಶಾಸ್ತ್ರದಲ್ಲೇ ಇದೆ. ವೈಶೇಷಿಕ ದರ್ಶನದ ಕಣಾದರು ಆರು ಪದಾರ್ಥಗಳನ್ನು ಹೇಳಿ ಸುಮ್ಮನಾದರು. ಅವರ ಹಿಂದೆ ಬಂದವರಿಗೆ ಜಗತ್ತಿನಲ್ಲಿ ಇರುವ ವಸ್ತುಗಳಷ್ಟೇ ಇಲ್ಲದ ವಸ್ತುಗಳೂ ಕಾಟ ಕೊಡುತ್ತವೆ ಎಂಬುದು ಹೊಳೆದು, ಅಭಾವವನ್ನು ಏಳನೆಯ ಪದಾರ್ಥವಾಗಿ ಸೇರಿಸಿದರು. ಅನ್ನಂಭಟ್ಟರ ತರ್ಕಸಂಗ್ರಹ ಓದಿದ ಎಳೆಯ ವಿದ್ಯಾರ್ಥಿಗೂ ಅಭಾವದಲ್ಲಿ ನಾಲ್ಕು ಬಗೆ ಎಂಬುದು ಗೊತ್ತು. ಅವುಗಳಲ್ಲಿ ಎರಡು ನಮಗೆ ಮುಖ್ಯ. ಮಡಕೆ ಹುಟ್ಟುವ ಮೊದಲು ಅದಿಲ್ಲದಿರುವುದು ಪ್ರಾಗಭಾವ, ಒಡೆದ ಮೇಲೆ ಇಲ್ಲವಾಗುವುದು ಪ್ರಧ್ವಂಸಾಭಾವ. ಇವೆರಡರ ನಡುವೆ ಮಡಕೆ ಇದ್ದು ನೀರು ಹಿಡಿಯುತ್ತದೆ. ಫೋನಿನ ಹೊಸತನದ ವಿಚಿತ್ರವೆಂದರೆ, ಅದರ ಪ್ರಾಗಭಾವ ಮುಗಿಯುವ ಕ್ಷಣಕ್ಕೇ ಪ್ರಧ್ವಂಸಾಭಾವ ಶುರುವಾಗುತ್ತದೆ, ನಡುವೆ ಒಂದು ಲೋಟ ನೀರು ಹಿಡಿಯುವಷ್ಟೂ ಜಾಗವಿಲ್ಲ. ನಮ್ಮ ಪೂರ್ವಿಕರಿಗೆ ಇದು ಕಾಣದೆ ಹೋದದ್ದಕ್ಕೆ ಕಾರಣ ಅವರ ಬುದ್ಧಿಯ ಕೊರತೆಯಲ್ಲ. ಅವರ ಮಡಕೆಗೆ ಬ್ಯಾಕ್ ಕವರ್ ಇರಲಿಲ್ಲ.

ಮೊದಲ ಸಾಕ್ಷ್ಯ ಡಬ್ಬಿಯದು. ಯಾವ ಮೊಬೈಲ್ ಅಂಗಡಿಗೆ ಹೋದರೂ ಮಾಲೀಕ ಮೊದಲು ತೋರಿಸುವುದು ಫೋನನ್ನಲ್ಲ, ಅದರ ಸೀಲನ್ನು. "ನೋಡಿ ಸಾರ್, ಸೀಲ್ಡ್ ಪೀಸ್" ಎಂದು ನಾಲ್ಕೂ ಮಗ್ಗುಲು ತಿರುಗಿಸಿ, ಬ್ಲೇಡು ಇಡುವ ಮುನ್ನ ಎಚ್ಚರಿಕೆಯನ್ನೂ ಕೊಡುತ್ತಾನೆ: ಒಡೆದ ಮೇಲೆ ವಾಪಸ್ ಇಲ್ಲ. ಈ ಆಪ್ತವಾಕ್ಯದ ಆಳವನ್ನು ಗಿರಾಕಿಗಳು ಗಮನಿಸಿದಂತಿಲ್ಲ. ಸೀಲು ಇರುವಾಗ ಫೋನು ಹೊಸದು, ಆದರೆ ಕಾಣುವುದಿಲ್ಲ. ಸೀಲು ಒಡೆದರೆ ಫೋನು ಕಾಣುತ್ತದೆ, ಆದರೆ ಮಾರುಕಟ್ಟೆಯ ಭಾಷೆಯಲ್ಲಿ ಅದು ಅಷ್ಟರಲ್ಲೇ 'ಓಪನ್ ಬಾಕ್ಸ್' ಆಗಿ ಬೆಲೆ ಇಳಿದಿರುತ್ತದೆ. ಇದನ್ನು ನ್ಯಾಯಶಾಸ್ತ್ರದ ಪಂಚಾವಯವದಲ್ಲಿ ಜೋಡಿಸುವುದು ಬಲು ಸುಲಭ. ಈ ಫೋನು ಹಳೆಯದು, ಇದು ಪ್ರತಿಜ್ಞೆ. ನೋಡಲ್ಪಟ್ಟಿರುವುದರಿಂದ, ಇದು ಹೇತು. ಯಾವುದು ಯಾವುದು ನೋಡಲ್ಪಟ್ಟಿದೆಯೋ ಅದು ಅದು ಹಳೆಯದು, ಓಪನ್ ಬಾಕ್ಸ್ ಪೀಸಿನಂತೆ, ಇದು ಉದಾಹರಣೆ. ಉಳಿದ ಎರಡು ಅವಯವಗಳನ್ನು ಗಿರಾಕಿಯೇ ಬಿಲ್ಲಿನೊಂದಿಗೆ ಪಡೆದುಕೊಳ್ಳುತ್ತಾನೆ. ಅಂಗಡಿಯ ಮುಂಭಾಗದಲ್ಲಿ ತಂತಿ ಕಟ್ಟಿ ನಿಲ್ಲಿಸಿದ ಡೆಮೊ ಪೀಸನ್ನು ಯಾರಾದರೂ ಪ್ರತಿವಾದಕ್ಕೆ ತಂದರೆ, ದಿನಕ್ಕೆ ನೂರಾರು ಬೆರಳು ತಿಂದ ಆ ಬಡಪಾಯಿಯ ಮೇಲೊಮ್ಮೆ ಕೈಯಿಟ್ಟು ನೋಡಿ ಬರಲಿ ಎಂದಷ್ಟೇ ನಮ್ಮ ಉತ್ತರ.

ಇನ್ನು, ಸೀಲಿನ ಒಳಗಿದ್ದಾಗಲಾದರೂ ಅದು ಹೊಸದಾಗಿತ್ತೇ ಎಂಬುದೂ ವಿಚಾರಾರ್ಹ. ಫೋನು ಆಕಾಶದಿಂದ ಇಳಿಯುವುದಿಲ್ಲ. 2017ರಲ್ಲಿ ಬೆಂಗಳೂರಿನ ಪೀಣ್ಯದಲ್ಲಿ ಐಫೋನ್ ಜೋಡಣೆ ಆರಂಭವಾಯಿತು. ಮುಂದೆ ಕೋಲಾರದ ನರಸಾಪುರದಲ್ಲಿ, ಈಚೆಗೆ ದೇವನಹಳ್ಳಿಯಲ್ಲಿ ದೊಡ್ಡ ಕಾರ್ಖಾನೆಗಳು ಎದ್ದವು. ಹಾಗಾಗಿ ಮೊದಲ ಅನುಭವ ಯಾರದು ಎಂಬ ಪ್ರಶ್ನೆಗೆ ಉತ್ತರ ನಮ್ಮ ಹೆದ್ದಾರಿಯ ಪಕ್ಕದಲ್ಲೇ ಇರಬಹುದು. ಡಬ್ಬಿಗೆ ಹೋಗುವ ಮುನ್ನ ಪ್ರತಿಯೊಂದು ಫೋನನ್ನೂ ಹೊತ್ತಿಸಿ, ಪರದೆ ಮುಟ್ಟಿ, ಸ್ಪೀಕರ್ ಕೇಳಿ, ಕ್ಯಾಮೆರಾ ತೆರೆದು ಪರೀಕ್ಷಿಸುತ್ತಾರೆ. ಮೊದಲ ನೋಟದ ಹಕ್ಕು ಯಾರಿಗಾದರೂ ಸಲ್ಲುವುದಾದರೆ ಪಾಳಿಯಲ್ಲಿ ನಿಂತು ಅದನ್ನು ಪರೀಕ್ಷಿಸಿದ ಹುಡುಗಿಗೆ ಸಲ್ಲಬೇಕು. ಆಕೆಯೂ ಕೈಗವಸು ಹಾಕಿಕೊಂಡಿರುತ್ತಾಳೆ ಎಂಬುದು ನಮ್ಮ ವಾದಕ್ಕೆ ಒದಗಿದ ಹೆಚ್ಚುವರಿ ಬೆಂಬಲ. ಅದಕ್ಕಿಂತ ದೊಡ್ಡ ಸಾಕ್ಷಿ ಫೋನಿನ ಬಾಯಿಂದಲೇ ಬರುತ್ತದೆ. ಹೊತ್ತಿಸಿ, ಭಾಷೆ ಆರಿಸಿ, ವೈಫೈ ಕೊಟ್ಟ ಕೆಲವೇ ನಿಮಿಷಗಳಲ್ಲಿ ಅದು ಆಡುವ ಮೊದಲ ಮಹತ್ವದ ಮಾತು ಏನು? ತನ್ನ ತಂತ್ರಾಂಶ ಹಳತಾಗಿದೆ, ಅಪ್‌ಡೇಟ್ ಬಂದಿದೆ, ಈಗಲೇ ಹಾಕಿಕೊಳ್ಳಲೇ, ರಾತ್ರಿಗಾಗಲೇ? ಹುಟ್ಟಿದ ಮಗು ತೊಟ್ಟಿಲಲ್ಲಿ ಕಣ್ಣು ಬಿಟ್ಟು ತನ್ನ ಪಿಂಚಣಿಯ ಕಾಗದ ಕೇಳಿದ ಹಾಗಿದು. ಆರೋಪಿಯೇ ತಪ್ಪೊಪ್ಪಿಕೊಂಡ ಮೇಲೆ ನ್ಯಾಯಾಲಯಕ್ಕೆ ಹೆಚ್ಚಿನ ಕೆಲಸ ಉಳಿಯುವುದಿಲ್ಲ. ಆದರೂ ಶಾಸ್ತ್ರ ನ್ಯಾಯಾಲಯಕ್ಕಿಂತ ನಿಧಾನವಾದ್ದರಿಂದ ನಾವು ಮುಂದುವರಿಯಬೇಕು.

ನೈಯಾಯಿಕರ ಪ್ರಕಾರ ಪ್ರತ್ಯಕ್ಷ ಜ್ಞಾನ ಹುಟ್ಟಬೇಕಾದರೆ ಇಂದ್ರಿಯಕ್ಕೂ ವಿಷಯಕ್ಕೂ ಸನ್ನಿಕರ್ಷ ಬೇಕು; ಸಾದಾ ಮಾತಿನಲ್ಲಿ, ಬೆರಳು ವಸ್ತುವಿಗೆ ತಾಕಬೇಕು. ಹೊಸ ಫೋನಿನ ವಿಷಯದಲ್ಲಿ ಈ ತಾಕುವಿಕೆಯನ್ನು ತಪ್ಪಿಸಲಿಕ್ಕೆಂದೇ ಒಂದು ಉದ್ಯಮ ಬೆಳೆದಿದೆ. ಬಿಲ್ಲು ಆಗುವ ಮೊದಲೇ ಅಂಗಡಿಯ ಹುಡುಗ "ಟೆಂಪರ್ಡ್ ಗ್ಲಾಸ್ ಹಾಕ್ಲಾ ಸಾರ್?" ಎನ್ನುತ್ತಾನೆ. ಬೇಡವೆಂದ ಗಿರಾಕಿಯ ದಾಖಲೆ ಇತಿಹಾಸದಲ್ಲಿ ಸಿಗುವುದು ಕಷ್ಟ. ಕಾರ್ಖಾನೆ ಅಂಟಿಸಿದ್ದ ತೆಳು ಹಾಳೆಯನ್ನು ಕಿತ್ತು, ಒದ್ದೆ ಬಟ್ಟೆಯಲ್ಲಿ ಒರೆಸಿ, ಒಣ ಬಟ್ಟೆಯಲ್ಲಿ ಒರೆಸಿ, ಧೂಳಿನ ಕಣಗಳನ್ನು ಸ್ಟಿಕ್ಕರಿನಿಂದ ಎತ್ತಿ, ಉಸಿರು ಬಿಗಿಹಿಡಿದು ಗ್ಲಾಸನ್ನು ಕೂರಿಸಿ, ಗುಳ್ಳೆಗಳನ್ನು ಬೆರಳಿನಿಂದ ಅಂಚಿಗೆ ತಳ್ಳುವ ಈ ಸಂಸ್ಕಾರದಲ್ಲಿ ಫೋನಿನ ನಿಜವಾದ ಮೈ ಗಾಳಿಗೆ ತೆರೆದಿರುವುದು ಕೆಲವೇ ಕ್ಷಣ. ಆ ಕ್ಷಣಗಳಲ್ಲೂ ಅದು ಹುಡುಗನ ಕೈಯಲ್ಲಿರುತ್ತದೆ, ಯಜಮಾನನ ಕೈಯಲ್ಲಲ್ಲ. ಯಜಮಾನ ಅಲ್ಲಿಂದ ಮುಂದೆ ವರ್ಷಗಟ್ಟಲೆ ಸವರುವುದೆಲ್ಲ ಆ ಗ್ಲಾಸನ್ನೇ. 'ಪರದೆ ಎಷ್ಟು ನುಣುಪು' ಎಂಬ ಪ್ರಶಂಸೆ ಸಲ್ಲಬೇಕಾದದ್ದು ಯಾವುದೋ ಹೆಸರಿಲ್ಲದ ಗಾಜಿನ ತುಂಡಿಗೆ. ಸಲ್ಲುತ್ತಿರುವುದು ಜಗತ್ಪ್ರಸಿದ್ಧ ಕಂಪನಿಗೆ.

ಈ ಗಾಜಿನ ಪ್ರಕರಣದಲ್ಲಿ ಸ್ವಲ್ಪ ಹೆಚ್ಚು ಹೊತ್ತು ನಿಲ್ಲಬೇಕು, ಏಕೆಂದರೆ ಇಲ್ಲಿ ಒಂದು ಸೊಗಸಾದ ಅನವಸ್ಥಾ ದೋಷ ಅಡಗಿದೆ. 2007ರ ಜನವರಿಯಲ್ಲಿ ಸ್ಟೀವ್ ಜಾಬ್ಸ್ ಸ್ಯಾನ್‌ಫ್ರಾನ್ಸಿಸ್ಕೋದ ವೇದಿಕೆಯಲ್ಲಿ ತೋರಿಸಿದ ಐಫೋನಿಗೆ ಪ್ಲಾಸ್ಟಿಕ್ ಪರದೆಯಿತ್ತು. ಪ್ಲಾಸ್ಟಿಕ್ ಗೀರುತ್ತದೆ ಎಂಬ ಕಾರಣಕ್ಕೆ, ಅದೇ ವರ್ಷ ಜೂನ್‌ನಲ್ಲಿ ಮಾರಾಟಕ್ಕೆ ಬರುವ ಹೊತ್ತಿಗೆ ಅದು ಗಾಜಾಗಿ ಬದಲಾಗಿತ್ತು. ಗಾಜು ಕೊಟ್ಟದ್ದು ಕಾರ್ನಿಂಗ್ ಕಂಪನಿ. ಗಟ್ಟಿ ಗಾಜಿನ ವಿದ್ಯೆಯನ್ನು ಅದು 1960ರ ದಶಕದಲ್ಲೇ ಕಲಿತು, ಕೊಳ್ಳುವವರಿಲ್ಲದೆ ಮೂಲೆಗಿಟ್ಟಿತ್ತು. ಆ ವಿದ್ಯೆ ಸರಳ. ಗಾಜನ್ನು ಕಾದು ಕರಗಿದ ಪೊಟ್ಯಾಸಿಯಂ ಉಪ್ಪಿನಲ್ಲಿ ಅದ್ದಿದರೆ ಮೇಲ್ಮೈಯ ಸಣ್ಣ ಸೋಡಿಯಂ ಅಯಾನುಗಳು ಹೊರಬಂದು, ಅವುಗಳ ಜಾಗದಲ್ಲಿ ದೊಡ್ಡ ಪೊಟ್ಯಾಸಿಯಂ ಅಯಾನುಗಳು ತುರುಕಿಕೊಳ್ಳುತ್ತವೆ. ಆ ನೂಕುನುಗ್ಗಲೇ ಗಾಜಿಗೆ ಬಲ. ಮೆಜೆಸ್ಟಿಕ್ಕಿನ ಬಸ್ಸಿನಲ್ಲಿ ನಿಂತು ಪ್ರಯಾಣಿಸಿದವರಿಗೆ ಈ ತತ್ತ್ವವನ್ನು ಬಿಡಿಸಿ ಹೇಳಬೇಕಾಗಿಲ್ಲ. ಅಂದರೆ ಫೋನಿನ ಪರದೆಯೇ ಒಂದು ರಕ್ಷಾಕವಚ. ಕವಚವನ್ನು ಕಾಪಾಡಲು ಅದರ ಮೇಲೊಂದು ಟೆಂಪರ್ಡ್ ಗ್ಲಾಸ್. ಹಾಗಾದರೆ ಟೆಂಪರ್ಡ್ ಗ್ಲಾಸನ್ನು ಕಾಪಾಡುವವರು ಯಾರು? ಅದನ್ನು ಕಾಪಾಡಲು ಮುಚ್ಚಳವಿರುವ ಫ್ಲಿಪ್ ಕವರ್, ಫ್ಲಿಪ್ ಕವರನ್ನು ಕಾಪಾಡಲು ಬಟ್ಟೆಯ ಪೌಚು, ಪೌಚನ್ನು ಕಾಪಾಡಲು ಅಂಗಿಯ ಒಳಜೇಬು. ರಕ್ಷಕನಿಗೆ ರಕ್ಷಕ, ಅವನಿಗೊಬ್ಬ ರಕ್ಷಕ ಎಂದು ಕೊನೆಯಿಲ್ಲದೆ ಸಾಗುವ ಈ ಸರಣಿಯನ್ನು ನೈಯಾಯಿಕ ಉದಯನಾಚಾರ್ಯರಿಗೆ ಒಪ್ಪಿಸಿದ್ದರೆ ಅವರು ಈಶ್ವರನ ಬಳಿ ತಂದು ನಿಲ್ಲಿಸುತ್ತಿದ್ದರು. ವ್ಯವಹಾರದಲ್ಲಿ ಇದು ಇನ್ನೂ ಅಗ್ಗವಾಗಿ ನಿಲ್ಲುತ್ತದೆ: ಒಡೆದರೆ ಚಿಂತೆಯಿಲ್ಲ ಎನಿಸುವಷ್ಟು ಬೆಲೆ ಇಳಿದ ಪದರದಲ್ಲಿ.

ಹಿಂಬದಿಯ ಕಥೆ ಇದಕ್ಕಿಂತ ದಾರುಣ. ಬಣ್ಣ ಆರಿಸುವಾಗ ಗಿರಾಕಿ ಪಡುವ ಸಂಕಟವನ್ನು ಅಂಗಡಿಯವರು ಬಲ್ಲರು. ನೀಲಿಯೋ ಹಸಿರೋ ಎಂದು ಮನೆಗೆ ಫೋನ್ ಮಾಡಿ, ಮಗಳಿಗೆ ಚಿತ್ರ ಕಳಿಸಿ, ಕೊನೆಗೆ ಬೇರೆ ಅಂಗಡಿಯಿಂದ ತರಿಸಿಕೊಂಡಾದರೂ ಆ ಬಣ್ಣವೇ ಬೇಕು. ಬಂದ ಕೂಡಲೇ ಅದರ ಮೇಲೆ ಕಪ್ಪು ಕವರು. ಪಾರದರ್ಶಕ ಕವರು ಹಾಕಿದರೆ ಬಣ್ಣ ಕಾಣುತ್ತದಲ್ಲ ಎಂದು ಕೆಲವರು ಆಕ್ಷೇಪಿಸುತ್ತಾರೆ. ಆಕ್ಷೇಪ ಕೇಳಲು ಚೆಂದ. ಆದರೆ ಆ ಮೆತ್ತನೆಯ ಪಾರದರ್ಶಕ ಕವರು ಬಿಸಿಲಿಗೂ ಮೈಶಾಖಕ್ಕೂ ಕೆಲವು ತಿಂಗಳಲ್ಲೇ ಹಳದಿಯಾಗುತ್ತದೆ, ಅದರೊಳಗಿನ ನೀಲಿ ಫೋನು ಪಾಚಿ ಕಟ್ಟಿದ ಕೆರೆಯ ಬಣ್ಣ ತಾಳುತ್ತದೆ. ಕವರಿನ ಹಿಂದೆ ಮೆಟ್ರೊ ಕಾರ್ಡು, ಐವತ್ತರ ನೋಟು, ದೇವರ ಚಿಕ್ಕ ಪಟ ಸೇರಿಕೊಂಡರಂತೂ ಬಣ್ಣದ ಮಾತೇ ಬೇಡ. ಒಟ್ಟಿನಲ್ಲಿ ಮುಂದಿನಿಂದ ಗಾಜು, ಹಿಂದಿನಿಂದ ರಬ್ಬರು. ತಾನು ಕೊಂಡ ವಸ್ತುವನ್ನು ಯಜಮಾನ ಮುಟ್ಟುವುದು ಚಾರ್ಜಿಂಗ್ ತೂತಿನ ಆಸುಪಾಸಿನಲ್ಲಿ ಮಾತ್ರ.

ಹೊರಮೈ ಹೋಗಲಿ, ಒಳಗಾದರೂ ಹೊಸತಿದೆಯೇ ಎಂದು ಕೇಳಬಹುದು. ಒಳಗೆ ಇಣುಕಿದರೆ ನಮ್ಮ ವಾದಕ್ಕೆ ಇನ್ನಷ್ಟು ಬಲ ಬರುತ್ತದೆ. ಹೊಸ ಫೋನು ಹೊತ್ತಿಕೊಂಡ ಕೂಡಲೇ ವಿನಯದಿಂದ ಕೇಳುವುದು ಹಳೆ ಫೋನು ಎಲ್ಲಿದೆ ಎಂದು. ಎರಡನ್ನೂ ಅಕ್ಕಪಕ್ಕ ಮಲಗಿಸಿ, ಒಂದರ ಪರದೆಯ ಮೇಲಿನ ಚಿತ್ರವನ್ನು ಇನ್ನೊಂದರ ಕ್ಯಾಮೆರಾಕ್ಕೆ ತೋರಿಸಿ, ಕೇಬಲ್ ಜೋಡಿಸಿಯೋ ಗಾಳಿಯಲ್ಲೋ ಪರಕಾಯ ಪ್ರವೇಶ ಆರಂಭವಾಗುತ್ತದೆ. ಇದನ್ನು ಮಾಡಲು ಹಿಂದೆ ಯೋಗಿಗಳಿಗೆ ತಪಸ್ಸು ಬೇಕಿತ್ತು, ಈಗ ಅರ್ಧ ಚಾರ್ಜು ಸಾಕು. ಗಂಟೆಯೊಂದರಲ್ಲಿ ಹಳೆಯ ಜೀವ ಪೂರ್ತಿ ಈ ದೇಹಕ್ಕೆ ಬಂದು ಸೇರುತ್ತದೆ: ಅದೇ ವಾಲ್‌ಪೇಪರು, ಬೆಳಗಿನ ಐದೂವರೆಗೆ ಇಟ್ಟು ಒಂದು ದಿನವೂ ಏಳದ ಅದೇ ಅಲಾರಾಂ, ನೆಂಟರ ಮನೆಯ ವೈಫೈ ಪಾಸ್‌ವರ್ಡು, ಐದು ವರ್ಷದ ಸುಪ್ರಭಾತದ ಗುಲಾಬಿಗಳು, ಯಾರೋ ಕಳಿಸಿದ ಬೆಸ್ಕಾಂ ಬಿಲ್ಲಿನ ಫೋಟೊ, ಮೂರು ಮದುವೆಗಳ ಕರೆಯೋಲೆ. ಸಂಪರ್ಕಗಳ ಪಟ್ಟಿಯಲ್ಲಿ 'ಪ್ಲಂಬರ್', 'ಪ್ಲಂಬರ್ ಹೊಸಬ', 'ಪ್ಲಂಬರ್ ಬೇಡ' ಎಂಬ ಮೂವರೂ ಕ್ರಮ ತಪ್ಪದೆ ಬರುತ್ತಾರೆ. ತೀರಿಕೊಂಡವರ ನಂಬರುಗಳೂ ಬರುತ್ತವೆ. ಅವನ್ನು ಅಳಿಸುವ ಕೆಲಸವನ್ನು ಹಳೆ ಫೋನಿನಲ್ಲಿ ಮಾಡಲಾಗದವರು ಹೊಸದರಲ್ಲೂ ಮಾಡುವುದಿಲ್ಲ, ಮಾಡಬೇಕೆಂದು ಶಾಸ್ತ್ರವೂ ಹೇಳುವುದಿಲ್ಲ. ನಂಬರಾದರೂ ಬದಲಾಗುತ್ತಿತ್ತು ಎನ್ನುವ ಒಂದು ಕಾಲವಿತ್ತು. 2011ರ ಜನವರಿಯಲ್ಲಿ ದೇಶದಾದ್ಯಂತ ನಂಬರ್ ಪೋರ್ಟಬಿಲಿಟಿ ಜಾರಿಗೆ ಬಂದ ಮೇಲೆ ಕಂಪನಿ ಬದಲಾದರೂ ನಂಬರು ಉಳಿಯುತ್ತದೆ. ಸಾಲ ಕೊಟ್ಟವರಿಂದ ತಪ್ಪಿಸಿಕೊಳ್ಳುವ ಕೊನೆಯ ದಾರಿಯೂ ಅಂದೇ ಮುಚ್ಚಿತು. ಹೀಗೆ ಹಿಂಬಾಲಿಸಿ ಬರುವ ಹಳತಿಗೆ ಯೋಗಶಾಸ್ತ್ರದಲ್ಲಿ ವಾಸನೆ ಎನ್ನುತ್ತಾರೆ, ಮೊಬೈಲ್ ಅಂಗಡಿಯಲ್ಲಿ ಬ್ಯಾಕಪ್ ಎನ್ನುತ್ತಾರೆ. ದೇಹ ಹೊಸದು ಎಂದು ಬೀಗುವವರು ಅದರೊಳಗೆ ತುಂಬಿರುವ ಸಂಚಿತಕರ್ಮದ ಗಾತ್ರವನ್ನು ಸ್ಟೋರೇಜ್ ಪುಟದಲ್ಲಿ ಒಮ್ಮೆ ನೋಡಿಕೊಳ್ಳಲಿ.

ಇಲ್ಲಿಗೆ ಒಬ್ಬ ಪ್ರಬಲ ಪ್ರತಿವಾದಿ ಎದ್ದು ನಿಲ್ಲುತ್ತಾನೆ. ಆಂಡ್ರಾಯ್ಡಿನಿಂದ ಆಂಡ್ರಾಯ್ಡಿಗೆ ಹೋದವರ ಮಾತು ಹಾಗಿರಲಿ, ಆಂಡ್ರಾಯ್ಡ್ ಬಿಟ್ಟು ಐಫೋನಿಗೆ ಹೋದವನಿಗೆ ಮೊದಲ ದಿನ ತಲೆ ತಿರುಗುವುದು ನಿಜ ತಾನೇ, ಅದು ಹೊಸತನದ ಅನುಭವವಲ್ಲದೆ ಮತ್ತೇನು ಎಂದು ಅವನ ವಾದ. ತಲೆ ತಿರುಗುವುದನ್ನು ನಾವು ಅಲ್ಲಗಳೆಯುವುದಿಲ್ಲ. ಏನನ್ನು ಕಂಡು ತಿರುಗುತ್ತದೆ ಎಂಬುದಷ್ಟೇ ಪ್ರಶ್ನೆ. ಅವನ ಬಾಯಿಂದ ಬರುವ ಮಾತುಗಳನ್ನು ಕ್ರಮವಾಗಿ ಆಲಿಸಿ: ಬ್ಯಾಕ್ ಬಟನ್ ಎಲ್ಲಿ? ಬೆರಳಚ್ಚು ಇಡುವ ಜಾಗ ಎಲ್ಲಿ? ಇಯರ್‌ಫೋನಿನ ತೂತು ಎಲ್ಲಿ? ಚಾರ್ಜರ್ ಯಾಕಿಲ್ಲ? ಇಯರ್‌ಫೋನಿನ ತೂತನ್ನು ಐಫೋನಿನ ಕಂಪನಿ 2016ರಲ್ಲೇ ಮುಚ್ಚಿತು, ಡಬ್ಬಿಯಿಂದ ಚಾರ್ಜರನ್ನು 2020ರಲ್ಲಿ ಕಿತ್ತುಹಾಕಿತು. ಬೇರೆ ಕಂಪನಿಗಳು ಮೊದಲು ನಕ್ಕು, ಆಮೇಲೆ ಅದನ್ನೇ ಮಾಡಿದವು. ಪರಿಸರ ಉಳಿಸಲು ಎಂಬ ಕಾರಣ ಕೊಟ್ಟರು. ಪರಿಸರ ಎಷ್ಟು ಉಳಿಯಿತೋ ತಿಳಿಯದು, ಚಾರ್ಜರಂತೂ ಅವರ ಬಳಿ ಉಳಿಯಿತು. ಈ ಎಲ್ಲ ಮಾತುಗಳಲ್ಲೂ ಅವನು ಕಾಣುತ್ತಿರುವುದು ಇರುವ ಯಾವ ವಸ್ತುವನ್ನೂ ಅಲ್ಲ, ಹಳೆ ಫೋನಿನಲ್ಲಿದ್ದು ಇಲ್ಲಿಲ್ಲದ್ದನ್ನು. ಕುಮಾರಿಲಭಟ್ಟರ ಮೀಮಾಂಸೆ ಇದಕ್ಕೆಂದೇ ಅನುಪಲಬ್ಧಿ ಎಂಬ ಪ್ರತ್ಯೇಕ ಪ್ರಮಾಣವನ್ನು ಒಪ್ಪುತ್ತದೆ: ನೆಲದ ಮೇಲೆ ಮಡಕೆ ಇಲ್ಲವೆಂಬುದನ್ನು ನಾವು ತಿಳಿಯುವುದು ಮಡಕೆ ಕಾಣದಿರುವುದರಿಂದಲೇ. ಹೆಬ್ಬೆರಳು ಪರದೆಯ ಕೆಳತುದಿಯಲ್ಲಿ ಇಲ್ಲದ ಗುಂಡಿಯನ್ನು ಒತ್ತಿ ಒತ್ತಿ ಸೋಲುವುದು ಅನುಪಲಬ್ಧಿಯ ಶುದ್ಧ ಉದಾಹರಣೆ. ಕನ್ನಡ ಬರೆಯುವವರ ಪಾಡು ಇನ್ನೂ ಸೂಕ್ಷ್ಮ. ಕೆ.ಪಿ. ರಾವ್ ವಿನ್ಯಾಸಕ್ಕೆ ಪಳಗಿದ ಬೆರಳಿಗೆ ಹೊಸ ಫೋನು ತಾನಾಗಿ ಒಡ್ಡುವ ಕೀಲಿಮಣೆ ಬೇರೆಯದೇ ಇರುತ್ತದೆ. ಒತ್ತಕ್ಷರ ಬರಬೇಕಾದಲ್ಲಿ ಬಾರದೆ, ಹಳೆ ಕೀಲಿಮಣೆ ಕಲಿತಿಟ್ಟಿದ್ದ ಮನೆಮಂದಿಯ ಹೆಸರುಗಳೆಲ್ಲ ಮರೆತುಹೋಗಿ, ಚಿಕ್ಕಪ್ಪನಿಗೆ ಬರೆಯಹೊರಟ ಸಂದೇಶದಲ್ಲಿ ಚಿಕ್ಕಪ್ಪನೇ ಸಿಗದೆ ಹೋಗುತ್ತಾನೆ. ಹೀಗೆ ಫೋನು ಬದಲಾಯಿಸಿದವರು ಮೊದಲ ವಾರದಲ್ಲಿ ಅನುಭವಿಸುವುದು ಹೊಸ ಫೋನನ್ನಲ್ಲ. ಹಿಂದೆಂದೂ ಇಷ್ಟು ಗಮನ ಕೊಟ್ಟು ನೋಡಿರದ ಹಳೆ ಫೋನನ್ನು.

ಕ್ಯಾಮೆರಾ ಒಂದಾದರೂ ಹೊಸದಲ್ಲವೇ ಎಂಬುದು ಎರಡನೆಯ ಆಕ್ಷೇಪ. ಹೊಸ ಫೋನಿನ ಮೊದಲ ಚಿತ್ರ ಯಾವುದು ಎಂಬುದರಲ್ಲಿ ವಿದ್ವಾಂಸರಿಗೆ ಭಿನ್ನಾಭಿಪ್ರಾಯವಿಲ್ಲ: ತಿರುಗುವ ಫ್ಯಾನು, ಕಿಟಕಿಯ ಗಿಡ, ತನ್ನದೇ ಕಾಲು. ಇವು ಹಳೆ ಫೋನಿನಲ್ಲೂ ಇದ್ದವು. ಇರಲಿ, ಸೂಕ್ಷ್ಮತೆಯನ್ನೇ ಪರೀಕ್ಷಿಸೋಣ. ಡಬ್ಬಿಯ ಮೇಲೆ 50 ಮೆಗಾಪಿಕ್ಸೆಲ್ ಎಂದು ಬರೆದಿದ್ದರೆ ಫೋನು ಸಾಮಾನ್ಯವಾಗಿ ನಾಲ್ಕು ನಾಲ್ಕು ಪಿಕ್ಸೆಲ್‌ಗಳನ್ನು ಕೂಡಿಸಿ ಒಂದು ಮಾಡಿ 12.5ರ ಚಿತ್ರ ಕೊಡುತ್ತದೆ. 108 ಎಂದಿದ್ದರೆ ಒಂಬತ್ತನ್ನು ಕೂಡಿಸಿ 12. ಹೆಮ್ಮೆಯ 200 ಇದ್ದರೆ ಹದಿನಾರನ್ನು ಕೂಡಿಸಿ ಮತ್ತೆ 12.5. ಕತ್ತಲಲ್ಲಿ ಬೆಳಕು ಹೆಚ್ಚು ಹಿಡಿಯಲು ಹೀಗೆ ಮಾಡುತ್ತಾರೆ, ಮಾಡುವುದು ಸರಿಯೂ ಹೌದು. ಆದರೆ ಎಷ್ಟು ಸಾವಿರ ಹೆಚ್ಚು ಕೊಟ್ಟರೂ ಕೊನೆಗೆ ಕೈಗೆ ಬರುವುದು ಹನ್ನೆರಡು ಚಿಲ್ಲರೆ ಎಂಬ ಈ ಸತ್ಯದಲ್ಲಿ ವೈರಾಗ್ಯಕ್ಕೆ ಬೇಕಾದ ಸಾಮಗ್ರಿ ಯಥೇಚ್ಛವಾಗಿದೆ. ಆ ಹನ್ನೆರಡು ಚಿಲ್ಲರೆಯನ್ನೂ ಯಜಮಾನ ಸಂಜೆಯೊಳಗೆ ವಾಟ್ಸಾಪಿನಲ್ಲಿ ಅಕ್ಕನಿಗೆ ಕಳಿಸುತ್ತಾನೆ. ವಾಟ್ಸಾಪು ಅದನ್ನು ಹಿಂಡಿ ಚಿಕ್ಕದು ಮಾಡಿ ತಲುಪಿಸುತ್ತದೆ, ಅಕ್ಕ ಅದನ್ನು ನಾಲ್ಕು ವರ್ಷದ ಹಳೆಯ ಪರದೆಯಲ್ಲಿ ನೋಡಿ "ಚೆನ್ನಾಗಿದೆ ಕಣೋ, ಮೊದಲಿನ ಹಾಗೇ ಇದೆ" ಎಂದು ತೀರ್ಪು ಕೊಡುತ್ತಾಳೆ. ಇದಕ್ಕಿಂತ ನಿಷ್ಪಕ್ಷಪಾತವಾದ ಶಬ್ದಪ್ರಮಾಣ ನಮಗೆ ಬೇಕಿಲ್ಲ.

ಬೌದ್ಧರ ಕ್ಷಣಿಕವಾದ ಮುಂದಿಡುವ ಆಕ್ಷೇಪ ಇನ್ನೂ ಕಠಿಣ. ಎಲ್ಲ ವಸ್ತುವೂ ಕ್ಷಣಕ್ಷಣಕ್ಕೂ ಅಳಿದು ಹೊಸದಾಗಿ ಹುಟ್ಟುವುದಾದರೆ ಫೋನೂ ಪ್ರತಿ ಕ್ಷಣ ಹೊಸದೇ, ಹಾಗಾಗಿ ಮೊದಲ ಅನುಭವ ಮುಗಿಯುವುದೇ ಇಲ್ಲ, ಎಂದು ಅವರು ಹೇಳಬಹುದು. ತರ್ಕದಲ್ಲಿ ಇದನ್ನು ಸೋಲಿಸಲು ಉದಯನಾಚಾರ್ಯರಂಥವರೇ ಗ್ರಂಥ ಬರೆಯಬೇಕಾಯಿತು. ನಮ್ಮ ಕಾಲಕ್ಕೆ ಅದರ ಅಗತ್ಯವಿಲ್ಲ, ಕಂತಿನ ಒಪ್ಪಂದ ಸಾಕು. ಕ್ಷಣಿಕವಾದ ನಿಜವಾದರೆ ಫೋನು ಕೊಂಡವನು ಬೇರೆ, ಆರನೆಯ ಇಎಂಐ ಕಟ್ಟುವವನು ಬೇರೆ. ಕೊಂಡವನು ಅಳಿದುಹೋಗಿರುವುದರಿಂದ ಕಂತು ಕಟ್ಟುವವರು ಯಾರೂ ಇಲ್ಲ. ಸಾಲಗಾರನ ಈ ವಾದವನ್ನು ಯಾವ ಬ್ಯಾಂಕೂ ಇದುವರೆಗೆ ಮಾನ್ಯ ಮಾಡಿಲ್ಲ. ಆತ್ಮ ನಿತ್ಯವೆಂಬುದನ್ನು ಪ್ರತಿ ತಿಂಗಳು ಐದನೇ ತಾರೀಕಿಗೆ ಎಸ್ಸೆಮ್ಮೆಸ್ ಮೂಲಕ ಸ್ಥಾಪಿಸುವ ಸಂಸ್ಥೆಗಳು ನಮ್ಮಲ್ಲಿ ಬೇಕಾದಷ್ಟಿವೆ.

ಶ್ರವಣಬೆಳಗೊಳ ಇರುವ ನಾಡಿನಲ್ಲಿ ಜೈನರ ಸ್ಯಾದ್ವಾದವನ್ನು ಕಡೆಗಣಿಸುವಂತಿಲ್ಲ. ಒಂದು ದೃಷ್ಟಿಯಿಂದ ಹೊಸದು, ಒಂದು ದೃಷ್ಟಿಯಿಂದ ಹೊಸದಲ್ಲ ಎನ್ನುವ ಈ ಉದಾರ ದರ್ಶನವನ್ನು ಬೆಂಗಳೂರಿನ ಎಸ್.ಪಿ. ರಸ್ತೆಯ ವರ್ತಕರು ದಿನವೂ ಆಚರಿಸುತ್ತಾರೆ: "ಹೊಸದೇ ಸಾರ್, ಬಾಕ್ಸ್ ಮಾತ್ರ ಓಪನ್ ಆಗಿದೆ." ಅವರೊಂದಿಗೆ ವಾದಿಸಿ ಗೆದ್ದವರಿಲ್ಲ, ನಾವೂ ಯತ್ನಿಸುವುದಿಲ್ಲ.

ಆದರೆ ಬ್ಯಾಂಕನ್ನು ಸಾಕ್ಷಿಗೆ ಕರೆದ ಮೇಲೆ ಅದರ ಪಾಟೀಸವಾಲಿಗೂ ಉತ್ತರಿಸಬೇಕಾಗುತ್ತದೆ. ಫೋನು ಹೊಸದಲ್ಲವೆಂದರೆ ಬ್ಯಾಂಕಿನ ಆ್ಯಪು ಅದನ್ನು ಕಂಡು ಗಾಬರಿಯಾಗುವುದು ಯಾಕೆ? 2016ರಲ್ಲಿ ಯುಪಿಐ ಬಂದಂದಿನಿಂದ ಹಣದ ವ್ಯವಹಾರ ಆ ಸಿಮ್ಮಿಗೂ ಆ ಫೋನಿಗೂ ಗಂಟು ಬಿದ್ದಿದೆ. ಫೋನು ಬದಲಾದರೆ ಮತ್ತೆ ಎಸ್ಸೆಮ್ಮೆಸ್ ಕಳಿಸಿ ಗುರುತು ಹೇಳಬೇಕು, ಮೊದಲ ಒಂದು ದಿನ ಕಳಿಸಬಹುದಾದ ಹಣಕ್ಕೂ ಮಿತಿ ಬೀಳುತ್ತದೆ. ಹುಟ್ಟಿದ ಮನೆಗೆ ಪುರುಡು ಇರುವಂತೆ ಹೊಸ ಫೋನಿಗೂ ಒಂದು ದಿನದ ಅಶೌಚ. ಅಂದಮೇಲೆ ಹುಟ್ಟು ನಡೆದದ್ದು ನಿಜ ಎಂಬುದು ಆಕ್ಷೇಪದ ಸಾರ. ನಾವು ಇದನ್ನು ಗೌರವದಿಂದ ನಿರಾಕರಿಸುತ್ತೇವೆ. ಬ್ಯಾಂಕು ಶಂಕಿಸುತ್ತಿರುವುದು ಫೋನಿನ ಹೊಸತನವನ್ನಲ್ಲ, ಯಜಮಾನನ ಪ್ರಾಮಾಣಿಕತೆಯನ್ನು. ಬೇರೆಯವರ ಸಿಮ್ಮು ಕದ್ದು ತಂದು ಹತ್ತು ವರ್ಷದ ಹಳೆ ಫೋನಿಗೆ ಹಾಕಿದರೂ ಆ್ಯಪು ಇಷ್ಟೇ ಗಾಬರಿಯಾಗುತ್ತದೆ. ಗಾಬರಿಯ ಕಾರಣ ಬೇರೆತನ, ಅಂದರೆ ಅನ್ಯೋನ್ಯಾಭಾವ: ಇದು ಅದಲ್ಲ, ಅದು ಇದಲ್ಲ. ಬೇರೆಯಾದದ್ದೆಲ್ಲ ಹೊಸದಾಗಿದ್ದರೆ ನೆರೆಮನೆಯ ಸ್ಕೂಟರನ್ನೂ ನಾವು ಹೊಸ ಸ್ಕೂಟರ್ ಎನ್ನಬೇಕಾದೀತು.

ಹಾಗಾದರೆ ಹೊಸತನ ಎಲ್ಲಿಯೂ ಇಲ್ಲವೇ, ಆಕಾಶದ ಹೂವಿನಂತೆ ಅತ್ಯಂತ ಅಸತ್ತೇ ಎಂದು ಕೇಳಿದರೆ, ಅಷ್ಟು ದೂರ ನಾವು ಹೋಗುವುದಿಲ್ಲ. ಹೊಸತನವಿದೆ. ಅದು ಹಳೆ ಫೋನಿನಲ್ಲಿದೆ. ಹಳೆ ಫೋನಿಗೆ ಮುಂದೇನಾಗುತ್ತದೆ ಎಂಬುದನ್ನು ಗಮನಿಸಿದವರಿಗೆ ಈ ಮಾತು ಒಗಟೆನಿಸದು. ಎಕ್ಸ್‌ಚೇಂಜಿಗೆ ಕೇಳಿದರೆ ಅಂಗಡಿಯವನು ಹೇಳುವ ಬೆಲೆ ಅವಮಾನಕರವಾಗಿರುತ್ತದೆ, ಆದ್ದರಿಂದ ಅದು ಅಮ್ಮನಿಗೆ ಹೋಗುತ್ತದೆ. ಕೊಡುವ ಮುನ್ನ ಮಗ ಅದನ್ನು ಫ್ಯಾಕ್ಟರಿ ರೀಸೆಟ್ ಮಾಡುತ್ತಾನೆ. ವಾತ್ಸಲ್ಯದಿಂದ ಅಲ್ಲ, ಅದರಲ್ಲಿ ಏನೇನಿದೆ ಎಂಬ ಭಯದಿಂದ. ಹೀಗೆ ಸಂಚಿತ, ಪ್ರಾರಬ್ಧ ಎರಡೂ ಸುಟ್ಟು ಶುದ್ಧವಾದ ಒಂದು ಯಂತ್ರ, ಈವರೆಗೆ ಕೀಪ್ಯಾಡ್ ಫೋನು ಹಿಡಿದ ಒಂದು ಕೈಗೆ ಬಂದು ಸೇರುತ್ತದೆ. ಆ ಕೈಗೆ ನಕಲು ಮಾಡಿಕೊಳ್ಳಲು ಬ್ಯಾಕಪ್ಪಿಲ್ಲ. ನಂಬರುಗಳು ಕ್ಯಾಲೆಂಡರಿನ ಹಿಂಬದಿಯಲ್ಲೂ ಹಾಲಿನ ಲೆಕ್ಕದ ಪುಸ್ತಕದಲ್ಲೂ ಇವೆ. ಇಲ್ಲದ ಬ್ಯಾಕ್ ಬಟನ್ನನ್ನು ಅದು ಹುಡುಕುವುದಿಲ್ಲ, ಏಕೆಂದರೆ ಇದ್ದ ಬ್ಯಾಕ್ ಬಟನ್ನನ್ನೂ ಅದು ಬಲ್ಲದ್ದಲ್ಲ. ಕಂಪನಿ ಆ ಮಾದರಿಗೆ ಅಪ್‌ಡೇಟ್ ಕೊಡುವುದನ್ನು ನಿಲ್ಲಿಸಿ ಬಹಳ ಕಾಲವಾಗಿರುವುದರಿಂದ, ತಾನು ಹಳತು ಎಂದು ಆ ಫೋನು ಬಾಯಿಬಿಡುವುದೂ ಇಲ್ಲ. ಸೆಟ್ಟಿಂಗ್ಸಿನಲ್ಲಿ 'ನಿಮ್ಮ ಫೋನ್ ಅಪ್‌ ಟು ಡೇಟ್ ಆಗಿದೆ' ಎಂದು ಋಷಿಯ ನೆಮ್ಮದಿಯಲ್ಲಿ ಹೇಳುತ್ತದೆ. ಬಿರುಕು ಬಿಟ್ಟ ಟೆಂಪರ್ಡ್ ಗ್ಲಾಸನ್ನು ಮಗನೇ ಕಿತ್ತು ಎಸೆದು, ಹೊಸದನ್ನು ಹಾಕಿಸಲು ಮರೆತಿರುತ್ತಾನೆ. ಕಾರ್ನಿಂಗ್ ಕಂಪನಿಯ ಗಾಜನ್ನು ಬರಿಬೆರಳಿನಿಂದ ಮುಟ್ಟುವ ಯೋಗ, ಅದಕ್ಕೆ ಹಣ ಕೊಟ್ಟವನಿಗೆ ಬಾರದ್ದು, ಹಣ ಕೊಡದ ಅಮ್ಮನಿಗೆ ಬರುತ್ತದೆ. ನಾವು ಮೇಲೆ ಒಡ್ಡಿದ ಪ್ರತಿಯೊಂದು ಹೇತುವೂ ಇಲ್ಲಿ ಸೋಲುತ್ತದೆ, ಸೋಲುವುದರಿಂದಲೇ ಸಿದ್ಧಾಂತ ಗೆಲ್ಲುತ್ತದೆ.

ಆಕೆಯ ಫೋನಿಗೂ ಮುಂದೆ ಹೂವಿನ ಚಿತ್ರದ ಕವರು ಬಂದೇ ಬರುತ್ತದಲ್ಲ ಎಂಬ ಆಕ್ಷೇಪವನ್ನು ನಾವು ಒಪ್ಪುತ್ತೇವೆ. ಅಲ್ಲಿಯವರೆಗಿನ ಕಾಲ ನಮಗೆ ಸಾಕು. ನಿಜವಾದ ತೊಡಕಿರುವುದು ಬೇರೆಡೆ. ಹೊಸ ಫೋನಿನ ಡಬ್ಬಿಯಲ್ಲಿ ಚಾರ್ಜರ್ ಬಾರದ ಕಾರಣ ಹಳೆಯ ಫೋನಿನ ಚಾರ್ಜರನ್ನು ಮಗ ತನ್ನಲ್ಲೇ ಇಟ್ಟುಕೊಂಡಿದ್ದಾನೆ. ಆದ್ದರಿಂದ ಜಗತ್ತಿನಲ್ಲಿ ಸಿದ್ಧಪಟ್ಟ ಏಕೈಕ ಹೊಸ ಫೋನಿನ ಮೊದಲ ಅನುಭವದ ಅವಧಿಯನ್ನು ಶೇಕಡಾವಾರು ಲೆಕ್ಕದಲ್ಲಿ ಹೇಳಬೇಕಾಗುತ್ತದೆ, ಅದು ಈ ಹೊತ್ತಿಗೆ ಹದಿನಾಲ್ಕಕ್ಕೆ ಇಳಿದಿದೆ.